ಮೆಟ್ಟಿಲು ಬಾವಿಯೂ ನನ್ನ ಬಲಗಾಲೂ

ಪಟ್ಟಣದಲ್ಲಿ ಹುಟ್ಟಿ ಬೆಳೆದವನು ಹಳ್ಳಿ ಸುಧಾರಿಸಲು ಹೊರಟರೆ ನಗೆಪಾಟಲಾಗುವುದು ತಪ್ಪಿದ್ದಲ್ಲ. ಒಂದು ವರ್ಷದಲ್ಲಿ ನಾನು ಎಷ್ಟು ಸಲ ಹಾಗಾದೆನೋ ನನಗೆ ನೆನಪಿಲ್ಲ, ಊರವರಿಗೆ ಚೆನ್ನಾಗಿ ನೆನಪಿದೆ. ಈಗಲೂ ಆ ಕಡೆಯವರು ಯಾರಾದರೂ ಸಿಕ್ಕರೆ ಕ್ಷೇಮಸಮಾಚಾರಕ್ಕಿಂತ ಮೊದಲು ಅದರಲ್ಲೊಂದನ್ನು ತೆಗೆಯುತ್ತಾರೆ. ಅವರು ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮರ್ಯಾದೆ.

ನಿಜಾಮರ ಕಾಲ ಅದು, ಯುದ್ಧ ಬೇರೆ ನಡೆದಿತ್ತು. ನಾನು ಹೈದರಾಬಾದಿನ ಹುಡುಗ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಹಳ್ಳಿ ಎಂದರೆ ರೈಲಿನ ಕಿಟಕಿಯಿಂದ ಕಂಡದ್ದಷ್ಟೇ. ಓದು ಮುಗಿದ ಮೇಲೆ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಸೋದರಮಾವನ ರೂಮಿ ಟೋಪಿ ಅಂಗಡಿಯಲ್ಲಿ ಕೂತು, ಕಾದ ಹಿತ್ತಾಳೆ ಅಚ್ಚಿನ ಮೇಲೆ ದಿನವಿಡೀ ಮಂದಿಯ ಟೋಪಿ ಒತ್ತುವುದು. ಇನ್ನೊಂದು, ಓದಿದ ಹುಡುಗರನ್ನು ಹಳ್ಳಿ ಸುಧಾರಣೆಗೆ ಕಳಿಸುವ ಹೊಸ ನೌಕರಿಗೆ ಸೇರುವುದು. ಮಾವನ ಅಂಗಡಿಯ ಸೆಕೆ ನೆನೆಸಿಕೊಂಡು ಎರಡನೆಯದಕ್ಕೆ ಓಡಿದೆ. ನನ್ನಂಥವನೇ ಇನ್ನೊಬ್ಬ ಜೊತೆಗೆ ಬಂದ. ಅವನನ್ನು ಜೊತೆಗಾರ ಎಂದಷ್ಟೇ ಕರೆಯುತ್ತೇನೆ. ಹೆಸರು ಹೇಳಿದರೆ ಅವನ ಮೊಮ್ಮಕ್ಕಳು ಜಗಳಕ್ಕೆ ಬಂದಾರು.

ಲಿಂಗಸುಗೂರಿನಲ್ಲಿ ತಹಶೀಲ್ದಾರರು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಮಾಡಬೇಕಾದ ಕೆಲಸ ಹೇಳಿದರು. ಸಂತೆಕಲ್ಲೂರಿನ ಆಚೆ ಒಂದು ಹಳ್ಳಿ, ಅಲ್ಲೊಂದು ಮೆಟ್ಟಿಲು ಬಾವಿ, ಮನೆಮನೆಯಲ್ಲೂ ನಾರುಹುಣ್ಣು. ಕೆಟ್ಟ ನೀರು ಕುಡಿದವನ ಮೈಯೊಳಗೆ ಒಂದು ವರ್ಷ ಬೆಳೆದು, ಎರಡು ಮೊಳ ಉದ್ದದ ದಾರದಂಥ ಹುಳ ಕಾಲು ಒಡೆದುಕೊಂಡು ಹೊರಗೆ ಬರುತ್ತದೆ. ಬೆಂಕಿ ಇಟ್ಟ ಹಾಗೆ ಉರಿಯುತ್ತದಂತೆ. ಉರಿ ತಡೆಯದೆ ಮನುಷ್ಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟರೆ, ಆ ಹುಳ ಅಲ್ಲೇ ಮರಿ ಬಿಡುತ್ತದೆ. ಅದೇ ನೀರನ್ನು ಊರು ಮತ್ತೆ ಕುಡಿಯುತ್ತದೆ. ಮೆಟ್ಟಿಲು ಮುಚ್ಚಿ, ಮೇಲೆ ಗಡಗಡೆ ಕಟ್ಟಿ, ಹಗ್ಗ ಬಿಟ್ಟು ನೀರು ಸೇದಿದರೆ ರೋಗ ಮುಗಿಯಿತು.

"ಪೊಲೀಸರನ್ನ ಕಳಿಸಿ ಮುಚ್ಚಿಸೋದು ಒಂದು ದಿನದ ಕೆಲಸ," ಎಂದರು ಸಾಹೇಬರು. "ಮರುದಿನ ಅವರೇ ಬಿಚ್ಚತಾರ. ಊರವರ ಕೈಲೇ ಮುಚ್ಚಿಸಬೇಕು. ವರ್ಷದ ಗಡುವು. ಆದರ ನೌಕರಿ ಪಕ್ಕಾ. ಆಗದಿದ್ದರ ವಾಪಸ್ ಹೈದರಾಬಾದ್."

ವಾಪಸ್ ಎಂದರೆ ಟೋಪಿ ಅಂಗಡಿ. ನಾನು ತಲೆಬಾಗಿ ಸಲಾಮು ಹೊಡೆದು ಎತ್ತಿನ ಬಂಡಿ ಹತ್ತಿದೆ.

೧. ನಾಗಪ್ಪನ ಆಹಾರ

ಮೊದಲ ದಿನ ಎದ್ದು ಕಾಣಬೇಕೆಂದು ಶೇರವಾನಿ, ಕೆಂಪು ರೂಮಿ ಟೋಪಿ, ಮಿರಿಮಿರಿ ಬೂಟು ಹಾಕಿಕೊಂಡು ಊರು ಹೊಕ್ಕೆವು. ಎದ್ದು ಕಂಡೆವು ನಿಜ, ಆದರೆ ನಮ್ಮನ್ನು ಕಂಡ ಕೂಡಲೇ ಬೀದಿಗೆ ಬೀದಿಯೇ ಖಾಲಿಯಾಯಿತು. ಗೌಡರೊಬ್ಬರು ಮಾತ್ರ ಕೈಮುಗಿದು ಅಂಗಳದಲ್ಲಿ ನಿಂತಿದ್ದರು.

ಯುದ್ಧಕಾಲದಲ್ಲಿ ರೈತರ ಮನೆಯಿಂದ ಸರಕಾರ ಲೆವಿ ಎಂದು ಕಡ್ಡಾಯವಾಗಿ ಜೋಳ ಎತ್ತುತ್ತಿತ್ತು. ಆ ಟೋಪಿ, ಆ ಬೂಟು ನೋಡಿ ಇವರು ಜೋಳ ಅಳೆಯಲು ಬಂದವರೇ ಎಂದು ಊರು ತಿಳಿದಿತ್ತು. ನಮಗೆ ಅದರ ಸುಳಿವೇ ಇಲ್ಲ. ರೈತರನ್ನು ಮಾತಾಡಿಸುವಾಗ ಬೆಳೆಯ ವಿಚಾರದಿಂದ ಶುರು ಮಾಡಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು.

"ಈ ಸಲ ಜೋಳ ಚೆನ್ನಾಗಿ ಬಂತೇನ್ರೀ ಗೌಡ್ರೆ?" ಎಂದೆ.

ಗೌಡರ ಮುಖ ಬಿಳಿಚಿತು. "ಎಲ್ಲಿ ಜೋಳ್ರೀ ಸಾಹೇಬ್ರ. ಹಕ್ಕಿ ತಿಂದು ಉಳದದ್ದ ನಾವ್ ತಿನ್ನಾಕತ್ತೀವಿ."

ಅಯ್ಯೋ ಪಾಪ ಎನಿಸಿತು. ಬಡವರ ಮನೆಯಲ್ಲಿ ಇಳಿದು ತೊಂದರೆ ಕೊಡಬಾರದು, ನಮ್ಮ ಡೇರೆ ನಾವೇ ಹಾಕಿಕೊಳ್ಳೋಣ ಎಂದೆ. ಅಂಗಳದ ನಡುವೆ ದುಂಡಗೆ ಹೊಸದಾಗಿ ಸಗಣಿ ಸಾರಿಸಿದ ಜಾಗ ಕಂಡಿತು. ಎಷ್ಟು ಚೊಕ್ಕ! ಜೊತೆಗಾರ ಅಲ್ಲೇ ಗೂಟ ನಿಲ್ಲಿಸಿ ಪೆಟ್ಟು ಹಾಕಿದ. ಎರಡು ಪೆಟ್ಟಿಗೆ ಗೂಟ ತಲೆಯವರೆಗೂ ಇಳಿದುಬಿಟ್ಟಿತು.

"ಬ್ಯಾಡ್ರೀ ಸಾಹೇಬ್ರ!" ಗೌಡರು ಓಡಿ ಬಂದರು. "ಅದು ನಾಗಪ್ಪನ ಹುತ್ತ! ನಾವ ಸಾರಿಸಿ ಮುಚ್ಚೀವಿ, ಒಳಗ ಮಲಗ್ಯಾನ!"

ಜೊತೆಗಾರ ಒಂದೇ ನೆಗೆತಕ್ಕೆ ಬಂಡಿ ಏರಿದ. ನಾನು ದೇವರ ಮೇಲೆ ಭಾರ ಹಾಕಿ, ಎರಡೂ ಕೈಯಿಂದ ಗೂಟ ಕಿತ್ತೆ. ತುದಿಯ ಹಸಿಮಣ್ಣಿಗೆ ಮುತ್ತಿನಂಥ ಬಿಳಿ ಜೋಳದ ಕಾಳು ದಪ್ಪಗೆ ಅಂಟಿಕೊಂಡಿದ್ದವು. ನಾವು ಗೂಟ ಹೊಡೆದದ್ದು ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿಗೆ. ನಮ್ಮ ಬಂಡಿ ಊರಮುಂದೆ ಕಂಡಾಗ ಅವಸರದಲ್ಲಿ ಸಾರಿಸಿ ಮುಚ್ಚಿದ್ದರು.

ನಾನು ಗೂಟ ನೋಡಿದೆ, ಗೌಡರು ನನ್ನನ್ನು ನೋಡಿದರು. "ನಾಗಪ್ಪ ಜೋಳ ತಿಂತಾನೇನ್ರೀ ಗೌಡ್ರೆ?" ಎಂದು ಕೇಳಿದೆ.

ಗೌಡರು ರೆಪ್ಪೆ ಬಡಿಯದೆ ಹೇಳಿದರು: "ಈ ವರ್ಷದಿಂದ ತಿನ್ನಾಕತ್ಯಾನ್ರೀ. ಯುದ್ಧ ಅಲ್ರೀ, ಹಾಲು ಸಿಗವಲ್ದು."

೨. ನಲವತ್ತು ಕುದುರೆ

ಊರವರು ಹೂಂ ಎನ್ನುವ ಮೊದಲೇ ನಾವು ಗಡಗಡೆ, ಹಗ್ಗ ತರಲು ಸಿಂಧನೂರಿಗೆ ಹೋದೆವು. ಉತ್ಸಾಹ ಹಾಗಿತ್ತು.

ತಿರುಗಿ ಬರಲು ಬಸ್ಸು. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಅದನ್ನು ಊದಿ ಊದಿ ಹೊತ್ತಿಸುವಷ್ಟರಲ್ಲಿ ನಮ್ಮ ಮುಖವೂ ಇದ್ದಿಲಾಗಿತ್ತು. ಪಕ್ಕದಲ್ಲೇ ಸಾಲಗುಂದದ ಮುದುಕ ರೈತನೊಬ್ಬ ಮಸ್ಕಿಗೆ ಮಗಳ ಮನೆಗೆ ಹೋಗಲು ಬಂಡಿ ಹೂಡುತ್ತಿದ್ದ. ಜೊತೆಗಾರನಿಗೆ ಹಳ್ಳಿಯವರ ಕಣ್ಣು ತೆರೆಸುವ ಚಟ.

"ಬಂಡೀಲಿ ಯಾಕ್ ಒದ್ದಾಡ್ತೀಯಜ್ಜಾ, ಬಸ್ ಹತ್ತು. ಈ ಇಂಜಿನ್ನಿಗೆ ನಲವತ್ತು ಕುದುರೆ ಬಲ ಇದೆ!"

ಮುದುಕ ಬಸ್ಸನ್ನು ಒಂದು ಸುತ್ತು ಹಾಕಿ ನೋಡಿ, "ಇರ್ಲಿ ತಮ್ಮಾ, ಅಷ್ಟು ಕುದುರಿ ನನಗ ಯಾಕ. ಎರಡು ಎತ್ತು ಸಾಕು," ಎಂದು ಹೊರಟುಹೋದ.

ಬಸ್ಸು ಅವನನ್ನು ದಾಟಿ ಹೋಗುವಾಗ ಜೊತೆಗಾರ ಕಿಟಕಿಯಿಂದ ಟೋಪಿ ಬೀಸಿದ. ಮಸ್ಕಿ ಇನ್ನೇನು ಬಂತು ಎನ್ನುವಾಗ ದಿಬ್ಬದ ಮೇಲೆ ಬಸ್ಸು ಕೆಮ್ಮಿತು, ಸೀನಿತು, ನಿಂತಿತು. ಊದಿದೆವು, ನೂಕಿದೆವು, ಬೈದೆವು. ಸೂರ್ಯ ಇಳಿಯುವ ಹೊತ್ತಿಗೆ ಹಿಂದಿನಿಂದ ಗಂಟೆ ಸದ್ದು ಕೇಳಿಸಿತು. ಅದೇ ಬಂಡಿ!

ಒಳ್ಳೆಯ ಮನುಷ್ಯ. ಬಂಡಿ ಬದಿಗೆ ಬಿಟ್ಟು ಎತ್ತುಗಳನ್ನು ಬಸ್ಸಿನ ಮುಂದಕ್ಕೆ ಕಟ್ಟಿದ. ಎತ್ತು ಎಳೆದವು, ನಾವು ನೂಕಿದೆವು, ಬಸ್ಸು ಮಸ್ಕಿ ಸೇರಿತು. ಹಗ್ಗ ಬಿಚ್ಚುವಾಗ ಮುದುಕ ಬಗ್ಗಿ ಬಸ್ಸಿನ ಅಡಿ ನೋಡಿದ, ಹಿಂದೆ ಹೋಗಿ ಒಲೆಯ ಬಾಯಿ ನೋಡಿದ, ಆಮೇಲೆ ಜೊತೆಗಾರನ ಹತ್ತಿರ ಬಂದು ನಿಜವಾದ ಕಾಳಜಿಯಿಂದ ಕೇಳಿದ:

"ತಮ್ಮಾ, ನಿಮ್ಮ ನಲವತ್ತು ಕುದುರಿ ಸಿಂಧನೂರಾಗ ಉಳದ್ವೇನು?"

ಜೊತೆಗಾರನ ಉತ್ಸಾಹ ಅಲ್ಲಿಗೆ ಅರ್ಧವಾಯಿತು. ಮೂರನೆಯ ತಿಂಗಳಲ್ಲಿ ತಾಯಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಊರಿಗೆ ಹೋದವನು ಮತ್ತೆ ಬರಲಿಲ್ಲ. ಹೋಗುವಾಗ ಬಸ್ಸು ಹತ್ತಲಿಲ್ಲ, ಎತ್ತಿನ ಬಂಡಿ ಮಾಡಿಸಿಕೊಂಡು ಹೋದ.

೩. ಭೂತಗನ್ನಡಿ

ಊರಿನಲ್ಲಿ ನಾರುಹುಣ್ಣು ಕಾಣದ ಮನೆ ಒಂದೇ ಒಂದಿತ್ತು, ಓಣಿಯ ಕೊನೆಯ ಅಜ್ಜಿಯದು. ಹಣೆ ತುಂಬ ವಿಭೂತಿ, ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕದ ಜೀವ. ಏನು ಗುಟ್ಟು ಎಂದು ಹೋಗಿ ನೋಡಿದೆ. ಅಜ್ಜಿ ನೀರನ್ನೆಲ್ಲ ಬಿಳಿ ಅರಿವೆಯಲ್ಲಿ ಸೋಸಿ ಕುಡಿಯುತ್ತಿದ್ದಳು. ಅರಿವೆಯನ್ನು ಆಮೇಲೆ ತಿಪ್ಪೆಯ ಮೇಲೆ ಝಾಡಿಸುತ್ತಿದ್ದಳು. ನಮ್ಮ ಗುರುಗಳು ಹೇಳ್ಯಾರ, ಅದಕ್ಕ ಸೋಸ್ತೀನಿ ಎಂದಳು. ಇಷ್ಟೇ! ಹುಳದ ಮರಿ ನುಂಗಿದ ಸಣ್ಣ ನೀರುಚಿಗಟಗಳು ಅರಿವೆಯಲ್ಲಿ ನಿಲ್ಲುತ್ತವೆ, ರೋಗ ಅಲ್ಲಿಗೆ ಮುಗಿಯುತ್ತದೆ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಮೆಟ್ಟಿಲು ಮುಚ್ಚುವವರೆಗೆ ಊರೆಲ್ಲ ಹೀಗೇ ಸೋಸಲಿ ಎಂದು ಓಣಿಯ ಹೆಂಗಸರನ್ನು ಕೂಡಿಸಿದೆ. ಅಜ್ಜಿಯ ಅರಿವೆಯನ್ನು ತಾಟಿನ ನೀರಿನಲ್ಲಿ ಅದ್ದಿ, ಹೈದರಾಬಾದಿನಿಂದ ತಂದ ಭೂತಗನ್ನಡಿ ಹಿಡಿದೆ. ಮೊದಲು ಅಜ್ಜಿಯೇ ನೋಡಬೇಕು ಎಂದೆ.

ಅಜ್ಜಿ ಬಹಳ ಹೊತ್ತು ನೋಡಿದಳು. "ಯಪ್ಪಾ ಶಿವನ, ಓಡಾಡಾಕತ್ಯಾವಲ್ಲೋ!"

"ಹೌದಜ್ಜಿ. ಕಾಲಿವೆ ನೋಡು, ಮೀಸೆ ಇವೆ ನೋಡು," ಎಂದು ನಾನು ಉಬ್ಬಿ ಉಬ್ಬಿ ವಿವರಿಸಿದೆ. "ಒಂದೊಂದು ಹೆಣ್ಣಿನ ಬೆನ್ನಿಗೆ ಮೊಟ್ಟೆಯ ಚೀಲವೂ ಇದೆ ನೋಡು!"

"ಬಸರಿ ಅದಾವ?" ಅಜ್ಜಿ ಮತ್ತೆ ಗಾಜಿಗೆ ಕಣ್ಣು ಹಚ್ಚಿದಳು. ಹೆಂಗಸರೆಲ್ಲ ಸಾಲಾಗಿ ಬಂದು ನೋಡಿ ಲೊಚಗುಟ್ಟಿದರು. ನನ್ನ ಕೆಲಸ ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಹೋದರೆ ಅಜ್ಜಿ ಮುಂದೆ, ಹಿಂದೆ ಓಣಿಯ ಹೆಂಗಸರು, ಎಲ್ಲರ ಕೈಯಲ್ಲೂ ಒಂದೊಂದು ಬಟ್ಟಲು. ಎಲ್ಲರೂ ನೀರು ಸೋಸಿದ್ದರು. ಸೋಸಿದ ಅರಿವೆಯನ್ನು ಬಟ್ಟಲಿನ ನೀರಿನಲ್ಲಿ ಜಾಲಿಸಿ, ಆ ನೀರನ್ನು ಜೋಪಾನವಾಗಿ ತಂದು, ಮೆಟ್ಟಿಲಿಳಿದು ಬಾವಿಗೆ ಸುರಿಯುತ್ತಿದ್ದರು.

"ಅಜ್ಜೀ! ಇದೇನಿದು? ಮೊದಲು ತಿಪ್ಪೆಗೆ ಝಾಡಿಸ್ತಿದ್ದೆಯಲ್ಲ!"

"ಆವಾಗ ನನಗ ಗೊತ್ತಿರಲಿಲ್ಲ ತಮ್ಮಾ," ಎಂದಳು ಅಜ್ಜಿ, ಕಣ್ಣೊರೆಸಿಕೊಂಡು. "ನೀ ತೋರಿಸಿದಿ, ಪುಣ್ಯಾ ಬರ್ಲಿ ನಿನಗ. ಬಸರಿ ಹೆಂಗಸನ್ನ ತಿಪ್ಪಿಗೆ ಒಗಿಯಾಕ ಆಗತೈತೇನು? ತವರಿಗೆ ಬಿಟ್ಟು ಬರಾಕತ್ತೀವಿ."

೪. ಸಭೆ

ಇನ್ನು ಸೋಸುವ ಮಾತು ಬೇಡ, ನೇರವಾಗಿ ಮೆಟ್ಟಿಲಿಗೇ ಕೈ ಹಾಕೋಣ ಎಂದು ಚಾವಡಿಯಲ್ಲಿ ಸಭೆ ಕರೆದೆ. ಗಂಡಸರೆಲ್ಲ ಬಂದರು. ನಾನು ಒಂದು ತಾಸು ಮಾತಾಡಿದೆ. ಮುಚ್ಚೋಣವೇ ಎಂದರೆ ಎಲ್ಲರೂ ಕೈ ಎತ್ತಿದರು. ಮರುದಿನ ಗುದ್ದಲಿ ಹಿಡಿದು ಬಾವಿಯ ಹತ್ತಿರ ನಿಂತವನು ನಾನೊಬ್ಬನೇ. ಹೀಗೆ ಮೂರು ಸಭೆಯಾದವು. ಮೂರಕ್ಕೂ ಎಲ್ಲ ಕೈ ಮೇಲೆ, ಮರುದಿನ ನಾನೊಬ್ಬನೇ. ಸಿಂಧನೂರಿನ ಗಡಗಡೆ ಬಾವಿಯಾಚೆಯ ಬೇವಿನ ಕೊಂಬೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಆರು ತಿಂಗಳು ಕಳೆದಿದ್ದವು. ಕನಸಿನಲ್ಲಿ ಮಾವ ಟೋಪಿಯ ಅಚ್ಚು ಕಾಯಿಸತೊಡಗಿದ್ದ.

ಕೊನೆಗೆ ಗೌಡರನ್ನು ಹಿಡಿದು ಕೇಳಿದೆ. "ನಿಮ್ಮ ಮಾತು ನಮಗ ತಿಳದೈತ್ರೀ ಮಾಸ್ತರ," ಎಂದರು ಅವರು. ಭಾಷಣ ಕೇಳಿ ಕೇಳಿ ಊರು ನನ್ನನ್ನು ಮಾಸ್ತರ ಮಾಡಿತ್ತು. "ಆದ್ರ ನೀರು ತರೋರು ನಾವಲ್ಲಲ್ರೀ. ತರೋರನ್ನ ನೀವು ಕೇಳೇ ಇಲ್ಲ."

ಅಷ್ಟು ಓದಿದವನಿಗೆ ಅಷ್ಟು ತಿಳಿದಿರಲಿಲ್ಲ. ನಾಚಿಕೆಯಾಯಿತು. ಸಂಜೆ ನೀರಿಗೆ ಬಂದ ಸೊಸೆಯಂದಿರನ್ನೇ ಕೇಳಿದೆ. ಮೊದಲು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಗೌಡರ ಸೊಸೆಯೇ ಧೈರ್ಯ ಮಾಡಿದಳು.

"ಮೆಟ್ಲು ಮುಚ್ಚಿದ್ರ ನಾವು ಎಲ್ಲಿ ಕುಂದ್ರೂಣ್ರೀ? ನಮ್ಮ ಅತ್ತೆಂದ್ರಿಗೆ ಮೊಣಕಾಲು ನೋವು, ಮೆಟ್ಲು ಇಳಿಯಂಗಿಲ್ಲ. ಊರಾಗ ಅವರು ಬರಲಾರದ ಜಾಗ ಇದೊಂದ ಐತಿ. ಎರಡು ಮಾತು ಇಲ್ಲೇ ಆಡಿ ಹಗುರಾಗಿ ಹೋಗ್ತೀವಿ."

ಹಾಗಾದರೆ ಅತ್ತೆಯಂದಿರು ನನ್ನ ಪಕ್ಷ! ಸೊಸೆಯಂದಿರು ಒಂದೆಡೆ ಕೂತು ಚಾಡಿ ಹೇಳುವ ಜಾಗ ಮುಚ್ಚಿದರೆ ಯಾವ ಅತ್ತೆ ಬೇಡ ಎಂದಾಳು? ಓಡಿ ಹೋಗಿ ಗೌಡತಿಗೆ ವಿಷಯ ಹೇಳಿದೆ. ಅವಳ ಸೊಸೆ ಹೇಳಿದ್ದನ್ನೂ ಸ್ವಲ್ಪ ಸೇರಿಸಿಯೇ ಹೇಳಿದೆ, ಸುಳ್ಳು ಯಾಕೆ.

ಗೌಡತಿ ಹಪ್ಪಳ ಒಣಗಿಸುತ್ತ ತಣ್ಣಗೆ ಹೇಳಿದಳು: "ನನಗೂ ಗೊತ್ತೈತಿ ತಮ್ಮಾ. ಮುಚ್ಚಬ್ಯಾಡ ಬಿಡು. ಅಲ್ಲೇ ಆಡಿ ಮುಗಿಸಿ ಬರ್ಲಿ. ಮನ್ಯಾಗ ಆಡಿದ್ರ ನಾ ಕೇಳಬೇಕಾಗತೈತಿ."

೫. ತಹಶೀಲ್ದಾರರು ಬಂದ ದಿನ

ವರ್ಷದ ಗಡುವು ತುಂಬಿತು. ಬಾವಿ ಬಾವಿಯ ಹಾಗೇ ಇತ್ತು, ಮೆಟ್ಟಿಲು ಮೆಟ್ಟಿಲ ಹಾಗೇ ಇದ್ದವು. ಮಧ್ಯಾಹ್ನ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನಾನು ಪೆಟ್ಟಿಗೆ ಕಟ್ಟಿಟ್ಟೆ. ಸೋತು ಹೋಗುವವನು ಅಂದವಾಗಿಯಾದರೂ ಹೋಗಲಿ ಎಂದು ಪೆಟ್ಟಿಗೆಯಿಂದ ಮತ್ತೆ ಶೇರವಾನಿ ತೆಗೆದು ಹಾಕಿಕೊಂಡೆ.

ನಾಲ್ಕು ದಿನದಿಂದ ಬಲಗಾಲಿನ ಹರಡಿನ ಮೇಲೆ ಒಂದು ಬೊಬ್ಬೆ ಎದ್ದಿತ್ತು. ಬೂಟು ಕಚ್ಚಿದ್ದು ಎಂದುಕೊಂಡಿದ್ದೆ. ಆ ಬೆಳಿಗ್ಗೆ ಬೂಟಿನಲ್ಲಿ ಕಾಲು ತೂರಿಸಿದ್ದೇ ತಡ ಬೊಬ್ಬೆ ಒಡೆಯಿತು. ಒಳಗಿನಿಂದ ಬಿಳಿ ದಾರದ ತುದಿಯೊಂದು ಇಣುಕಿತು. ಜೀವಮಾನದಲ್ಲಿ ಅಂಥ ಉರಿ ಕಂಡಿಲ್ಲ. ಮಾವನ ಹಿತ್ತಾಳೆ ಅಚ್ಚನ್ನೇ ಕಾಯಿಸಿ ಕಾಲಿಗೆ ಒತ್ತಿದ ಹಾಗೆ.

ನಾರುಹುಣ್ಣು! ನನಗೆ! ಹೇಗೆ ಬಂತೆಂದು ಕೇಳಬೇಡಿ. ಕೇಳಿದರೆ ಹೇಳಬೇಕಾಗುತ್ತದೆ: ಬಂದ ಹೊಸದರಲ್ಲಿ, ಯಾರೂ ಇಲ್ಲದ ಒಂದು ಸುಡುಮಧ್ಯಾಹ್ನ, ಮೆಟ್ಟಿಲಿಳಿದು, ಸೋಸದೆ ಕಾಯಿಸದೆ ಹೊಟ್ಟೆ ತುಂಬ ಆ ನೀರು ಕುಡಿದಿದ್ದೆ.

ಆ ಗಳಿಗೆಯಲ್ಲಿ ನನಗೆ ಇಲಾಖೆಯಾಗಲಿ, ಆರೋಗ್ಯವಾಗಲಿ ನೆನಪಾಗಲಿಲ್ಲ. ಒಂದೇ ನೆನಪಾಯಿತು, ತಣ್ಣನೆಯ ನೀರು. ಶೇರವಾನಿ ಎತ್ತಿ ಹಿಡಿದು, ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಕುಂಟುತ್ತ ಬಾವಿಗೆ ಓಡಿದೆ. ಎರಡೆರಡು ಮೆಟ್ಟಿಲು ಹಾರಿದೆ. ಕೊನೆಯ ಮೆಟ್ಟಿಲ ಹತ್ತಿರ ಕೊಡ ತುಂಬುತ್ತಿದ್ದ ಗೌಡರ ಸೊಸೆ ನನ್ನ ಕಾಲು ನೋಡಿದಳು, ಕೊಡ ಇಟ್ಟಳು, ಎರಡೂ ಕೈ ಅಗಲಿಸಿ ಅಡ್ಡ ನಿಂತಳು.

"ನಿಂದ್ರೀ ಮಾಸ್ತರ! ಕಾಲು ಇಡಬ್ಯಾಡ್ರಿ!"

"ತಂಗೀ, ಸರಿಯವ್ವಾ, ಉರಿ, ಉರಿ!"

"ಉರೀ ತಡೀಲಾರದ ಮನಷ್ಯಾ ನೀರಾಗ ಕಾಲು ಇಟ್ರ ಹುಳಾ ಅಲ್ಲೇ ಮರಿ ಬಿಡತೈತಿ. ಅದ ನೀರು ಊರು ಮತ್ತ ಕುಡೀತೈತಿ," ಎಂದಳು ಅವಳು. ನನ್ನದೇ ಭಾಷಣ! ಹಿಂದಿನ ಮೆಟ್ಟಿಲಿನಿಂದ ಇನ್ನೊಬ್ಬಳು ಮುಂದುವರಿಸಿದಳು: "ವರ್ಷದ ಮ್ಯಾಲ ಎರಡು ಮೊಳದ ದಾರಾ ಆಗಿ ಹೊರಗ ಬರತೈತಿ."

"ಒಂದೇ ಒಂದು ಬೆರಳು ಅದ್ದುತ್ತೇನೆ! ಹೆಬ್ಬೆರಳು ಮಾತ್ರ! ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ನಾನು ಅತ್ತೆ. ಹೌದು, ಅತ್ತೆ. ಸುಳ್ಳು ಯಾಕೆ. ಅಡ್ಡ ನಿಂತವಳ ಪಕ್ಕದಿಂದ ನುಸುಳಲೂ ನೋಡಿದೆ. ನಾಲ್ಕು ಜನ ಹೆಂಗಸರು ಸೇರಿ, ಇಬ್ಬರು ತೋಳು, ಇಬ್ಬರು ಕಾಲು ಹಿಡಿದು, ಜೋಳದ ಚೀಲ ಎತ್ತಿದ ಹಾಗೆ ಎತ್ತಿ ಮೇಲಕ್ಕೆ ಹೊತ್ತು ತಂದರು. ಅಷ್ಟು ಉರಿಯಲ್ಲೂ ನನಗೊಂದು ಸಂತೋಷವಾಯಿತು. ವರ್ಷವಿಡೀ ಗೋಡೆಗೆ ಹೇಳಿದೆ ಎಂದುಕೊಂಡಿದ್ದ ಮಾತನ್ನು ಇವರು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು.

ಬೇವಿನ ಕೆಳಗೆ ಕೂರಿಸಿ, ಬಾವಿಯಿಂದ ದೂರ, ಬಕೆಟ್ಟಿನ ನೀರಿನಲ್ಲಿ ಕಾಲು ಇಡಿಸಿದರು. ಓಣಿಯ ಅಜ್ಜಿ ಬಂದು ಹುಳದ ತುದಿಯನ್ನು ಜೋಳದ ದಂಟಿನ ಸಣ್ಣ ಕಡ್ಡಿಗೆ ನಯವಾಗಿ ಸುತ್ತಿದಳು. "ದಿನಾ ಒಂದು ಸುತ್ತು ಅಷ್ಟ. ಎಳದು ಹರದೀ ಅಂದ್ರ ಕಾಲ ಹೋಗತೈತಿ, ಗಟ್ಟಿ ಹಿಡ್ಕೊ," ಎಂದು ಕಡ್ಡಿಯನ್ನು ನನ್ನ ಕೈಗೇ ಕೊಟ್ಟಳು.

ಹೆಂಗಸರು ಬಾವಿಯ ದಂಡೆಗೆ ಕೂತು ಮಾತಿಗೆ ಹತ್ತಿದರು. ಗೌಡರ ಸೊಸೆಯ ದನಿ ಎಲ್ಲರಿಗೂ ಕೇಳಿಸುವಂತಿತ್ತು.

"ಹೇಳಿಕೊಟ್ಟಂವನ ತಡಕೊಳ್ಳಲಿಲ್ಲ. ಹಗಲೂ ರಾತ್ರಿ ಅದನ್ನ ಹೇಳತಿದ್ದಂವಾ ಅತ್ತುಕೋತ ಇಳದು ಬಂದ. ಇನ್ನ ನಮ್ಮ ಗಂಡಂದ್ರು, ಮಾವಂದ್ರು ತಡಕೋತಾರೇನವಾ? ನಾವು ಇಲ್ಲದಾಗ ಇಳದಿರತಾರ. ಇಳದ ಇಳದಿರತಾರ."

ಯಾರೂ ಯಾರ ಮುಖ ನೋಡಲಿಲ್ಲ. ಆಮೇಲೆ, ಗದ್ದಲ ಕೇಳಿ ಬಂದಿದ್ದ ಗೌಡತಿ ಮೊಣಕಾಲು ನೀವಿಕೊಳ್ಳುತ್ತ, "ಮೆಟ್ಲಿನ ಕಲ್ಲು ಕಿತ್ತು ಬೇವಿನ ಹಿಂದ ಒಂದು ಕಟ್ಟಿ ಕಟ್ಟಿಸಿಕೊಳ್ರಿ. ಎತ್ತರಕ್ಕ ಕಟ್ಟಿಸಿಕೊಳ್ರಿ, ನಮಗ ಹತ್ತಾಕ ಬರಬಾರದು," ಎಂದಳು. ಸೊಸೆಯಂದಿರಿಗೆ ಬೇಕಾದದ್ದು ಅಷ್ಟೇ. ಗಂಡಸರಿಗೆ ಹುಕುಂ ಹೋಯಿತು. ಸಭೆ ಇಲ್ಲ, ಕೈ ಎತ್ತಿದ್ದಿಲ್ಲ, ಒಂದು ಗಳಿಗೆಯಲ್ಲಿ ಊರಿನ ಗುದ್ದಲಿ ಹಾರೆಗಳೆಲ್ಲ ಬಾವಿಯ ಹತ್ತಿರ ಬಂದವು.

ತಹಶೀಲ್ದಾರರ ಕುದುರೆ ಊರು ಹೊಕ್ಕಾಗ ನಾಲ್ಕನೆಯ ಮೆಟ್ಟಿಲು ಕೀಳುತ್ತಿದ್ದರು. ಸಾಹೇಬರು ಇಳಿದು ಬಾವಿ ನೋಡಿದರು, ಬೇವಿನಿಂದ ಇಳಿದು ಬಂದ ಗಡಗಡೆ ನೋಡಿದರು, ಬಕೆಟ್ಟಿನಲ್ಲಿ ಒಂದು ಕಾಲಿಟ್ಟು ಕೂತ ಶೇರವಾನಿಯನ್ನು ನೋಡಿದರು. ನಾನು ಎಡಗೈಯಲ್ಲಿ ಕಡ್ಡಿ ಹಿಡಿದು, ಬಲಗೈಯಿಂದ ಕೂತಲ್ಲೇ ಸಲಾಮು ಮಾಡಿದೆ. ಎದ್ದರೆ ಹುಳ ಹರಿಯುತ್ತಿತ್ತು.

"ಶಾಬಾಸ್!" ಎಂದರು ಸಾಹೇಬರು. ಜೇಬಿನಿಂದ ವಹಿ ತೆಗೆದು ಗೌಡರ ಕಡೆ ತಿರುಗಿದರು. "ಮೇಲಿನವರಿಗೆ ಬರೀಬೇಕು. ಈ ಹುಡುಗ ಏನು ಹೇಳಿ ನಿಮ್ಮನ್ನ ಒಪ್ಪಿಸಿದ?"

"ಹೇಳಿದ್ದಕ್ಕ ನಾವು ಒಪ್ಪಿಲ್ರೀ ಸಾಹೇಬ್ರ," ಎಂದರು ಗೌಡರು, ಹಾರೆ ಬದಿಗಿಟ್ಟು. "ಮೆಟ್ಲು ಇದ್ರ ಈ ಮಾಸ್ತರ ಮತ್ತ ಬಾವಿಗೆ ಇಳೀತಾನ್ರೀ. ಇವನ್ನ ಹೊತ್ತು ತರಾಕ ದಿನಾ ನಾಕು ಮಂದಿ ಹೆಣ್ಮಕ್ಳನ್ನ ಎಲ್ಲಿಂದ ತರೂಣ್ರೀ?"

ಸಾಹೇಬರು ನಗು ತಡೆಹಿಡಿದು, ಅದನ್ನು ಹಾಗೆಯೇ ಉರ್ದುವಿನಲ್ಲಿ ಬರೆದುಕೊಂಡರು. ನನ್ನ ನೌಕರಿ ಪಕ್ಕಾ ಆದದ್ದು ಆ ಒಂದು ಸಾಲಿನ ಮೇಲೆ.